ನೀರು ತಿಳಿಯಾಗುವ ದಿನಗಳು

ಆಶ್ವೀಜ ಕಾರ್ತಿಕ ಮಾಸಗಳೆರಡನ್ನು ಕೂಡಿಸಿ ನಮ್ಮ ಹಿರಿಯರು ಶರದೃತುವೆಂದು ಕರೆದರು. ಇಂಗ್ಲಿಷಿನ ಕಥೆಗಳನ್ನು ಓದಿ ಬೆಳೆದ ನಮ್ಮ ಮನೆಯ ಮಕ್ಕಳಿಗೆ ಶರತ್ಕಾಲವೆಂದೊಡನೆ ಎಲೆಗಳು ಕೆಂಪೇರಿ ಉದುರುವ ಚಿತ್ರವೇ ಕಣ್ಣಿಗೆ ಕಟ್ಟುವುದು. ಎಲೆ ಉದುರುವುದು ನಮ್ಮ ಸೀಮೆಯಲ್ಲಿ ಶಿಶಿರದ ಮಾತು. ಅದಕ್ಕೆ ಇನ್ನೂ ಮೂರು ತಿಂಗಳುಂಟು. ಶರತ್ತಿನಲ್ಲಿ ನಮ್ಮ ಗಿಡಮರಗಳು ಮಳೆಯಲ್ಲಿ ಮಿಂದು ಹಸುರಾಗಿ ನಿಂತಿರುತ್ತವೆ, ಹೊಲದಲ್ಲಿ ರಾಗಿ ತೆನೆ ತೂಗುತ್ತಿರುತ್ತದೆ. ಈ ಋತುವಿನ ಗುರುತನ್ನು ಹುಡುಕಬೇಕಾದದ್ದು ಮರದಲ್ಲಿ ಅಲ್ಲ, ನೀರಿನಲ್ಲಿ ಎಂಬುದನ್ನು ನಾವು ಕಲಿತದ್ದು ಒಂದು ಕೆರೆಯ ದಡದಲ್ಲಿ. ಆ ಕೆರೆಯ ಸಂಗತಿಯನ್ನೇ ವಾಚಕರ ಮುಂದೆ ಇಡಬೇಕೆಂದು ಈ ಬರಹ.

ಕಡೂರು ಸೀಮೆಯಲ್ಲಿ ನಮ್ಮ ಮನೆತನಕ್ಕೆ ಒಂದು ಹಳೆಯ ಹೆಂಚಿನ ಮನೆ ಉಂಟು. ಕೆರೆಯ ಏರಿಯ ಬಡಗಣ ತುದಿಯಲ್ಲಿ, ಕೋಡಿಗೆ ನೂರು ಮಾರು ದೂರದಲ್ಲಿ, ಸ್ವಲ್ಪ ಎತ್ತರದ ನೆಲದ ಮೇಲೆ ಅದು ನಿಂತಿದೆ. ಊರಿನವರು ಅದನ್ನು ಕೆರೆಮನೆ ಎನ್ನುವರು. ಮುಂದಿನ ಜಗಲಿಯಲ್ಲಿ ಕುಳಿತರೆ ಪಡುವಣಕ್ಕೆ ನೀರು, ನೀರಿನಾಚೆ ಅಂಗಳದ ಜೊಂಡು, ಅದರಾಚೆ ಹೊಲ, ಕೊನೆಗೆ ಬಾಬಾಬುಡನ್ ಗಿರಿಗಳ ನೀಲಿಯ ಗೆರೆ. ಹಿಂದಿನ ಬಾಗಿಲನ್ನು ತೆರೆದರೆ ಏರಿಯ ಕೆಳಗೆ ನಮ್ಮ ತೆಂಗಿನ ತೋಟ, ಅದರಿಂದಾಚೆಗೆ ಅಚ್ಚುಕಟ್ಟಿನ ಗದ್ದೆ. ನಾವೆಲ್ಲರೂ ಊರೂರುಗಳಲ್ಲಿ ಉದ್ಯೋಗಕ್ಕಾಗಿ ಹಂಚಿಹೋಗಿದ್ದರೂ ಮಹಾಲಯ ಅಮಾವಾಸ್ಯೆ ಕಳೆದೊಡನೆ ಒಬ್ಬೊಬ್ಬರಾಗಿ ಅಲ್ಲಿಗೆ ಬಂದು ಸೇರುವುದೂ, ರಜೆ ಮುಗಿದವರು ಹೋಗಿ ಹೊಸಬರು ಬರುವುದೂ, ಹೀಗೆ ದೀಪಾವಳಿ ಕಳೆಯುವವರೆಗೆ ಮನೆ ತುಂಬಿರುವುದೂ ವಾಡಿಕೆ. ವರ್ಷದ ಉಳಿದ ದಿನಗಳಲ್ಲಿ ಅಲ್ಲಿರುವವರು ನಮ್ಮ ದೊಡ್ಡಮ್ಮ ಒಬ್ಬರೇ.

ಮುಳ್ಳಯ್ಯನಗಿರಿಯ ಶಿಖರ ಸುಮಾರು ೬,೩೩೦ ಅಡಿ ಎತ್ತರದ್ದು. ಕರ್ಣಾಟಕದಲ್ಲಿ ಅದಕ್ಕಿಂತ ಎತ್ತರವಾದದ್ದು ಇಲ್ಲ. ಅದನ್ನು ಒಳಗೊಂಡ ಈ ಗಿರಿಶ್ರೇಣಿ ಪಡುವಣ ಗಾಳಿಯ ಮಳೆಯನ್ನು ತಾನೇ ಉಂಡು, ಮಿಕ್ಕ ಎಂಜಲನ್ನಷ್ಟೇ ಮೂಡಣಕ್ಕೆ ಬಿಡುತ್ತದೆ. ಆದರೆ ಗಿರಿಯ ಮೂಡಣ ಮೈಯಿಂದ ಇಳಿಯುವ ಹಳ್ಳಗಳು ನಮ್ಮ ಪಾಲಿನ ಸಮಾಧಾನ. ಅವುಗಳಲ್ಲಿ ವೇದಾ ಎಂಬುದನ್ನು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯೂ, ಆವತಿ ಎಂಬುದನ್ನು ಮದಗದ ಕೆರೆಯೂ ತಡೆದು ನಿಲ್ಲಿಸುತ್ತವೆ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ, ೧೯೦೭ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆಯ ಜಲಾಶಯವನ್ನು ತುಂಬಿ, ಮುಂದೆ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುವುದು. ನಮ್ಮದು ಇವುಗಳ ಸಾಲಿನಲ್ಲಿ ಹೆಸರು ಹೇಳುವಷ್ಟು ದೊಡ್ಡ ಕೆರೆಯಲ್ಲ. ಆ ನದಿಗೆ ಸೇರುವ ಒಂದು ಸಣ್ಣ ಹಳ್ಳಕ್ಕೆ ಅಡ್ಡಲಾಗಿ ಯಾರೋ ಪುಣ್ಯಾತ್ಮರು ಹಾಕಿದ ಮಣ್ಣಿನ ಕಟ್ಟೆ, ಅಷ್ಟೆ. ನಾಡಿನಲ್ಲಿ ಸುಮಾರು ೩೬,೦೦೦ ಕೆರೆಗಳಿವೆಯೆಂದು ಎಣಿಸುವರಲ್ಲ, ಅವುಗಳಲ್ಲಿ ಬಹುಪಾಲು ಇಂಥವೇ.

ಕೆರೆಮನೆಯಲ್ಲಿ ಬೆಳಗಾಗುವುದಕ್ಕೆ ಗಡಿಯಾರ ಬೇಕಿಲ್ಲ. ಆಶ್ವೀಜದ ನಡುವಿನಲ್ಲಿ ಐದು ಗಂಟೆಯ ಜಾವಕ್ಕೆ ಎದ್ದು ಜಗಲಿಗೆ ಬಂದರೆ, ತೆಂಕಣ ದಿಕ್ಕಿನಲ್ಲಿ, ಏರಿಯ ಮೇಲಣ ಹೊಂಗೆಯ ಮರಗಳ ತಲೆಗಿಂತ ತುಸು ಮೇಲೆ, ಅಗಸ್ತ್ಯ ನಕ್ಷತ್ರ ಒಂಟಿಯಾಗಿ ಹೊಳೆಯುತ್ತಿರುತ್ತದೆ. ಗಾಳಿ ನಿಂತಿದ್ದರೆ ನೀರಿನಲ್ಲಿಯೂ ಒಬ್ಬ ಅಗಸ್ತ್ಯ. ಅವನು ಉದಯಿಸಿದ ಮೇಲೆ ಕೆರೆಹೊಳೆಗಳ ನೀರು ತಿಳಿಯಾಗುವುದೆಂದು ನಮ್ಮ ಪೂರ್ವಿಕರು ನಂಬಿದ್ದರು; ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯನ ಸಂಚಾರಕ್ಕೇ ಒಂದು ಅಧ್ಯಾಯವಿದೆ. ನಕ್ಷತ್ರಕ್ಕೂ ಕೆಸರಿಗೂ ಏನು ಸಂಬಂಧವೆಂದು ನಮ್ಮ ಕಾಲೇಜಿನ ಹುಡುಗರು ನಗುವರು. ಸಂಬಂಧ ಕಾರ್ಯಕಾರಣದ್ದಲ್ಲದಿರಬಹುದು, ಆದರೆ ಕಾಲವನ್ನು ಗುರುತಿಸಿದವನು ಕಣ್ಣುಬಿಟ್ಟು ನೋಡಿಯೇ ಗುರುತಿಸಿದ್ದಾನೆ.

ಬೆಳಕು ಹರಿಯುತ್ತಿರುವಂತೆ ಕೆರೆಯ ಮೇಲೆ ಹಬೆ ಏಳುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುವುದು, ನೀರು ಹಗಲಿನ ಬಿಸಿಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನೆಲದ ಮೇಲಿನ ತಣ್ಣನೆಯ ಗಾಳಿ ಬೆಚ್ಚನೆಯ ನೀರಿನ ಮೇಲೆ ಸರಿದಾಗ ಆವಿ ಹೆಪ್ಪುಗಟ್ಟಿ ಕಣ್ಣಿಗೆ ಕಾಣುವಂತಾಗುತ್ತದೆ. ಇಬ್ಬನಿ ಬಿದ್ದ ಬೇಲಿಯಲ್ಲಿ ಜೇಡರ ಬಲೆಗಳು ಒಂದಲ್ಲ, ನೂರು. ಇತರ ಸಮಯದಲ್ಲಿ ಇವು ಎಲ್ಲಿದ್ದವೋ ಎಂದು ಬೆರಗಾಗಬೇಕು. ಇದ್ದಲ್ಲಿಯೇ ಇದ್ದವು, ಇಬ್ಬನಿ ಬಂದು ತೋರಿಸಿತು, ಅಷ್ಟೇ.

ಆ ಹೊತ್ತಿಗೆ ಕೋಡಿಯ ಕಲ್ಲುಗಳ ಮೇಲೆ ಸಿಪಿಲೆ ಓಡಾಡುತ್ತಿರುತ್ತದೆ. ಬೂದುಬಣ್ಣದ ಬೆನ್ನು, ಅರಿಸಿನ ಬಳಿದಂತಹ ಹೊಟ್ಟೆ, ಒಂದು ಕ್ಷಣವೂ ಸುಮ್ಮನಿರದ ಉದ್ದನೆಯ ಬಾಲ. (ಈ ಬಾಲದ ಕುಣಿತವನ್ನು ನೋಡಿ ಹಳ್ಳಿಯ ಹುಡುಗರು ಇದಕ್ಕೆ ಇಟ್ಟಿರುವ ಹೆಸರನ್ನು ಮನೆಮಂದಿಯೆಲ್ಲ ಓದುವ ಈ ಪುಟಗಳಲ್ಲಿ ಬರೆಯುವಂತಿಲ್ಲ.) ಕಪ್ಪು ಬಿಳುಪಿನ ಇದರ ಅಣ್ಣ ವರ್ಷವೆಲ್ಲ ನಮ್ಮೊಡನೆಯೇ ಇರುವವನು. ಈ ಬೂದುಬಣ್ಣದ್ದು ಮಾತ್ರ ಹಿಮಾಲಯದ ತೊರೆಗಳಲ್ಲಿಯೂ ಅದರಾಚೆಯ ನಾಡುಗಳಲ್ಲಿಯೂ ಮರಿಮಾಡಿ, ಚಳಿಗೆ ಮುಂಚೆ ತೆಂಕಣಕ್ಕೆ ಬರುವ ಅತಿಥಿ. ಹಿಡಿಯಷ್ಟು ತೂಕವಿಲ್ಲದ ಪ್ರಾಣಿ ಅಷ್ಟು ದೂರವನ್ನು ದಾಟಿ, ಇಷ್ಟೊಂದು ಕೆರೆಗಳ ನಡುವೆ ನಮ್ಮ ಕೋಡಿಯ ಅದೇ ಚಪ್ಪಡಿಯನ್ನು ಹುಡುಕಿಕೊಂಡು ಬರುವುದು ಅದೇ ಹಕ್ಕಿಯೋ ಅದರ ಮಗುವೋ ನಾವು ಹೇಳಲಾರೆವು. ನಮಗೆ ಅದು ಅದೇ ಹಕ್ಕಿ.

ಸಿಪಿಲೆಯ ಹಿಂದೆ ಒಂದೆರಡು ವಾರಗಳಲ್ಲಿ ಅಂಬರಗುಬ್ಬಿಗಳು ಬಂದು ತಂತಿಗಳ ಮೇಲೆ ಸಾಲುಗಟ್ಟುತ್ತವೆ. ಬಂದವರನ್ನು ಎಣಿಸುವ ಸಂಭ್ರಮದಲ್ಲಿ ಇದ್ದವರನ್ನು ಮರೆಯಬಾರದು. ಮಳೆಗಾಲದಲ್ಲಿ ತಲೆಗೂ ಕತ್ತಿಗೂ ಕಾವಿ ಬಣ್ಣವನ್ನು ತೊಟ್ಟು ಮೆರೆದ ದನಗಳ ಜೊತೆಯ ಬೆಳ್ಳಕ್ಕಿ, ಮರಿಗಳ ಜವಾಬ್ದಾರಿ ಮುಗಿಯುತ್ತಲೂ ಆ ಬಣ್ಣವನ್ನು ಕಳಚಿ ಮತ್ತೆ ಅಚ್ಚಬಿಳಿಯಾಗುವುದು ಈ ದಿನಗಳಲ್ಲಿಯೇ. ಗೃಹಸ್ಥನಾಗಿದ್ದಾಗ ಕಾವಿ, ಆಮೇಲೆ ಬಿಳಿ. ನಮ್ಮ ಆಶ್ರಮಧರ್ಮಕ್ಕೆ ತಿರುಗುಮುರುಗು. ಅಂಗಳದಂಚಿನ ಈಚಲ ಮರದಲ್ಲಿ ಗೀಜಗನ ಗೂಡುಗಳು ಬರಿದಾಗಿ ತೂಗುತ್ತಿರುತ್ತವೆ. ಅವುಗಳಲ್ಲಿ ಕೆಲವು ಅರ್ಧಕ್ಕೇ ನಿಂತವು. ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ಹೆಣ್ಣಿಗೆ ತೋರಿಸುವುದು. ಅವಳು ಒಪ್ಪಿದರೆ ಮುಂದಿನ ಕೆಲಸ, ಒಪ್ಪದಿದ್ದರೆ ಅಲ್ಲಿಗೇ ಬಿಟ್ಟು ಇನ್ನೊಂದಕ್ಕೆ ಕೈಹಾಕುವುದು. ನಮ್ಮ ಚಿಕ್ಕಪ್ಪನವರು ಕೆರೆಮನೆಯ ಬಗಲಿಗೆ ಒಂದು ಕೋಣೆಯನ್ನು ಕಟ್ಟಲು ಹೊರಟು ಗೋಡೆ ಎದೆಯೆತ್ತರಕ್ಕೆ ಬಂದಾಗ ಚಿಕ್ಕಮ್ಮನವರು ಬಂದು ನೋಡಿದ ಕಥೆ ಇಲ್ಲಿ ಬೇಡ. ಗೋಡೆ ಈಗಲೂ ಎದೆಯೆತ್ತರದಲ್ಲಿಯೇ ಇದೆ.

ಇನ್ನು ತಟ್ಟೆಯ ಸಂಗತಿಗೆ ಬರಬೇಕು.

ನಮ್ಮ ದೊಡ್ಡಪ್ಪನವರು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು. ೧೯೬೮ರಲ್ಲಿ ಅವರು ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತಂದು ಅದರಲ್ಲಿ ಕೆರೆಯ ವರ್ತಮಾನವನ್ನು ಬರೆಯತೊಡಗಿದರು. ಕೋಡಿ ಬಿದ್ದ ದಿನ, ತೂಬು ಎತ್ತಿದ ದಿನ, ಸಿಪಿಲೆ ಕಂಡ ದಿನ, ಹಸ್ತ ಚಿತ್ತ ಸ್ವಾತಿ ಮಳೆಗಳು ಬಂದವೋ ಕೈಕೊಟ್ಟವೋ ಎಂಬುದು. ಒಂದು ಸಾಲಿಗಿಂತ ಹೆಚ್ಚಿಲ್ಲ. ಇವುಗಳ ಜೊತೆಗೆ ಇನ್ನೊಂದು ಅಂಕಣ: ‘ತಟ್ಟೆ’. ದೊಡ್ಡಮ್ಮನ ಮದುವೆಯಲ್ಲಿ ಬಂದ ಪಿಂಗಾಣಿ ಲೇಪದ ಬಿಳಿಯ ತಟ್ಟೆಯೊಂದಕ್ಕೆ ಮೂರು ತೂತು ಹೊಡೆದು, ಅಡಿಗೆ ಒಂದು ಕಲ್ಲನ್ನು ಬಿಗಿದು, ಗೇಣಿಗೊಂದು ಗಂಟು ಹಾಕಿದ ಹುರಿಯನ್ನು ಕಟ್ಟಿ, ತೂಬಿನ ಕಲ್ಲುಕಟ್ಟೆಯ ಮೇಲೆ ನಿಂತು ಅವರು ಅದನ್ನು ನೀರಿಗೆ ಇಳಿಬಿಡುತ್ತಿದ್ದರು. ತಟ್ಟೆ ಕಣ್ಣಿಗೆ ಮರೆಯಾದಾಗ ಎಷ್ಟು ಗಂಟು ಇಳಿದಿತ್ತೋ ಅಷ್ಟು ಗೇಣು ನೀರು ತಿಳಿಯೆಂದು ಲೆಕ್ಕ. ತೂತು ಹೊಡೆದದ್ದಕ್ಕಾಗಿ ದೊಡ್ಡಮ್ಮ ಅವರನ್ನು ಕ್ಷಮಿಸಿದರೆಂದು ನಾವು ಹೇಳಲಾರೆವು.

ಇದು ದೊಡ್ಡಪ್ಪನವರ ಸ್ವಂತ ಯುಕ್ತಿಯೆಂದು ನಾವು ಬಹಳ ಕಾಲ ನಂಬಿದ್ದೆವು. ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ ಇದನ್ನು ಮೊದಲೇ ಮಾಡಿದ್ದನೆಂದು ತಿಳಿದದ್ದು ಈಚೆಗೆ. ಆತ ನಕ್ಷತ್ರಗಳನ್ನು ಶೋಧಿಸುವ ವಿದ್ವಾಂಸ. ೧೮೬೫ರಲ್ಲಿ ಪೋಪರ ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಹೋಗಿ ಬಿಳಿಯ ಬಿಲ್ಲೆಗಳನ್ನು ನೀರಿಗೆ ಇಳಿಸಿ, ಅವು ಮರೆಯಾಗುವ ಆಳದಿಂದ ನೀರಿನ ನಿರ್ಮಲತೆಯನ್ನು ಅಳೆದನು. ಇಂದಿಗೂ ಸರೋವರಗಳನ್ನು ಪರೀಕ್ಷಿಸುವ ಶಾಸ್ತ್ರಜ್ಞರು ಆತನ ಹೆಸರಿನ ಬಿಲ್ಲೆಯನ್ನು ಉಪಯೋಗಿಸುತ್ತಾರೆ. ನಕ್ಷತ್ರವನ್ನು ನೋಡುವವರಿಗೂ ತಿಳಿನೀರಿಗೂ ಏನೋ ಋಣಾನುಬಂಧವಿದ್ದಂತೆ ತೋರುತ್ತದೆ.

ಪುಸ್ತಕದ ಅಂಕಣವನ್ನು ಮೇಲಿನಿಂದ ಕೆಳಗೆ ಓದಿದರೆ ಎಲ್ಲ ವರ್ಷಗಳೂ ಒಂದೇ ಹಾಡನ್ನು ಹಾಡುತ್ತವೆ. ಭಾದ್ರಪದದಲ್ಲಿ ಒಂದು ಗೇಣು, ಕೆಲವೊಮ್ಮೆ ಅದೂ ಇಲ್ಲ. ಆಶ್ವೀಜದ ಕೊನೆಗೆ ಮೂರು. ಕಾರ್ತಿಕದಲ್ಲಿ ಐದು, ಆರು. ಕಾರಣ ಕಷ್ಟದ್ದೇನಲ್ಲ. ಮಳೆಯ ನೀರು ಹೊಲಗಳ ಕೆಮ್ಮಣ್ಣನ್ನು ಹೊತ್ತು ಕೆರೆಗೆ ಬರುವುದು. ಮರಳು ಬಂದ ಗಳಿಗೆಯಲ್ಲಿಯೇ ತಳ ಸೇರುವುದು, ಗೋಡು ಒಂದೆರಡು ದಿನಗಳಲ್ಲಿ. ಜೇಡಿಯ ಅತಿ ಸೂಕ್ಷ್ಮವಾದ ಕಣಗಳು ಮಾತ್ರ ಒಂದಾಳಿನಷ್ಟು ಆಳವನ್ನು ಇಳಿಯಲು ವಾರಗಳನ್ನು ತೆಗೆದುಕೊಳ್ಳುವುವು. ಅವು ಇಳಿಯಬೇಕಾದರೆ ನೀರು ಅಲುಗದೆ ಇರಬೇಕು. ಅಕ್ಟೋಬರಿನ ಹೊತ್ತಿಗೆ ಪಡುವಣ ಗಾಳಿ ತನ್ನ ಅಬ್ಬರವನ್ನು ಮುಗಿಸಿ ಹಿಂದೆಗೆದಿರುತ್ತದೆ, ಮೂಡಣ ಗಾಳಿ ಇನ್ನೂ ಬಲಗೊಂಡಿರುವುದಿಲ್ಲ. ಈ ಎರಡು ಗಾಳಿಗಳ ನಡುವಿನ ವಿರಾಮದಲ್ಲಿ ಕೆರೆ ತನ್ನ ಮನಸ್ಸನ್ನು ತಿಳಿಗೊಳಿಸಿಕೊಳ್ಳುವುದು. ನಡುವೆ ಚಿತ್ತ ಮಳೆಯೋ ಸ್ವಾತಿಯೋ ಬಲವಾಗಿ ಹೊಡೆದರೆ ಲೆಕ್ಕ ಮತ್ತೆ ಒಂದು ಗೇಣಿಗೆ ಬಂದು ನಿಲ್ಲುವುದು. ಅಂಥ ವರ್ಷ ದೊಡ್ಡಪ್ಪನವರ ಅಕ್ಷರವೂ ಸ್ವಲ್ಪ ಸಿಡುಕಾಗಿ ಕಾಣುತ್ತದೆ.

ಮಧ್ಯಾಹ್ನಗಳು ಮಕ್ಕಳವು. ರಾಗಿಯ ಹೊಲಗಳ ನಡುವೆ ಹುಚ್ಚೆಳ್ಳಿನ ಸಾಲುಗಳು ಹಳದಿಯಾಗಿ ಅರಳಿರುತ್ತವೆ. ಅವುಗಳ ಮೇಲೆ, ಏರಿಯ ಮೇಲೆ, ಅಂಗಳದ ಹುಲ್ಲಿನ ಮೇಲೆ ಏರೋಪ್ಲೇನ್ ಚಿಟ್ಟೆಗಳ ಹಿಂಡು. ಬಾಲಕ್ಕೆ ದಾರ ಕಟ್ಟಿ ಆಡುವುದನ್ನು ನಮ್ಮ ಕಾಲದಲ್ಲಿ ನಾವೂ ಮಾಡಿದ್ದೆವು. ಈಗಿನ ಮಕ್ಕಳಿಗೆ ಅದನ್ನು ಬಿಡಿಸಿದ್ದು ನಮ್ಮ ಬುದ್ಧಿವಾದವಲ್ಲ, ಅವುಗಳ ಪಯಣದ ಕಥೆ. ಇವುಗಳಲ್ಲಿ ತಿಳಿಹಳದಿಯ ಮೈಯ ಒಂದು ಜಾತಿ ಅಕ್ಟೋಬರಿನಲ್ಲಿ ಮಾಲ್ಡೀವ್ಸ್ ದ್ವೀಪಗಳಲ್ಲಿ ಸಾವಿರಗಟ್ಟಲೆಯಾಗಿ ಇಳಿಯುವುದನ್ನು ಅಲ್ಲಿ ವಾಸವಾಗಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞರು ವರ್ಷವರ್ಷವೂ ಗಮನಿಸಿದರು. ಮೊಟ್ಟೆಯಿಟ್ಟು ಮರಿಮಾಡಲು ಸಿಹಿನೀರಿನ ಹೊಂಡವೇ ಅಪರೂಪವಾದ ಆ ದ್ವೀಪಗಳಿಗೆ ಇವು ಬರುವುದೇಕೆ? ಇವು ಭಾರತದಿಂದ ಹೊರಟು, ಋತುವಿನ ಗಾಳಿಯನ್ನೇರಿ, ಸಮುದ್ರವನ್ನು ದಾಟಿ ಆಫ್ರಿಕದ ಮೂಡಣ ಕರಾವಳಿಯ ಮಳೆಯನ್ನು ಅರಸಿ ಹೋಗುವ ದಾರಿಯಲ್ಲಿವೆ ಎಂದು ಅವರು ೨೦೦೯ರಲ್ಲಿ ಪ್ರಕಟಿಸಿದರು. ಇದನ್ನು ಕೇಳಿದ ದಿನ ನಮ್ಮ ಮನೆಯ ಎಂಟು ವರ್ಷದ ಹುಡುಗ ಕೈಯಲ್ಲಿದ್ದ ದಾರವನ್ನು ಜೇಬಿಗೆ ಹಾಕಿಕೊಂಡು, “ಇದಕ್ಕೆ ತಡವಾಗುತ್ತದೆ” ಎಂದನು.

ಚಿಟ್ಟೆಗಳದ್ದು ಇನ್ನೊಂದು ದಿಕ್ಕು. ಕಪ್ಪಿನ ಮೇಲೆ ತಿಳಿನೀಲಿಯ ಗೀರುಗಳುಳ್ಳವು, ಬಯಲುಸೀಮೆಯ ಕಡೆಯಿಂದ ಗಿರಿಗಳ ಕಡೆಗೆ, ಅಂದರೆ ಮೂಡಣದಿಂದ ಪಡುವಣಕ್ಕೆ, ನಮ್ಮ ಕೆರೆಯ ಮೇಲೆ ಆತುರವಿಲ್ಲದೆ ಹಾರಿಹೋಗುವುವು. ಬೇಸಗೆಯ ಕೊನೆಯಲ್ಲಿ ಗಿರಿಯ ಘೋರ ಮಳೆಗೆ ಹೆದರಿ ಕೆಳಕ್ಕೆ ಬಂದವರ ಸಂತಾನವೇ ಈಗ ಹಿಂದಿರುಗುತ್ತಿರುವುದು. ಒಣಗಿದ ಕಾಯಿ ಗಿಲಗಿಲನೆ ಸದ್ದುಮಾಡುವ ಕಾಡು ಸೆಣಬಿನ ಗಿಡ ಕಂಡರೆ ಮಾತ್ರ ಅವು ಅರ್ಧ ಹಗಲು ತಂಗುವುದುಂಟು.

ಹೀಗೆಲ್ಲ ಬರೆದರೆ ಕೆರೆಮನೆಯಲ್ಲಿ ಪ್ರತಿವರ್ಷವೂ ಶರತ್ತು ಚಂದವೇ ಎಂದು ವಾಚಕರು ಭಾವಿಸಿಯಾರು. ೨೦೧೬ರ ಪುಟದಲ್ಲಿ ‘ತಟ್ಟೆ’ಯ ಅಂಕಣಕ್ಕೆ ಅಡ್ಡಗೆರೆ ಎಳೆದಿದೆ. ಆ ವರ್ಷ ಕೆರೆಗೆ ನೀರೇ ಬರಲಿಲ್ಲ. ತಳದ ಮಣ್ಣು ಬಾಯಿಬಿಟ್ಟು, ದನಗಳು ಅಂಗಳದಲ್ಲಿ ಅಡ್ಡಾಡುತ್ತಿದ್ದುವು. ಆದರೂ ಸಿಪಿಲೆ ಬಂದಿತು. ಒಣಗಿದ ಕೋಡಿಯ ಚಪ್ಪಡಿಯ ಮೇಲೆ ಎರಡು ದಿನ ಬಾಲ ಕುಣಿಸಿ, ಮೂರನೆಯ ದಿನ ಕಾಣಲಿಲ್ಲ. ದೊಡ್ಡಪ್ಪನವರು ೨೦೧೧ರಲ್ಲಿಯೇ ತೀರಿಕೊಂಡಿದ್ದರು. ಪುಸ್ತಕ ದೊಡ್ಡಮ್ಮನ ಕೈಗೆ ಬಂದಿತ್ತು. ಅವರು ಬರೆದ ಸಾಲು ಇಷ್ಟು: ‘ಹಕ್ಕಿ ಬಂತು. ಕೊಡುವುದಕ್ಕೆ ಏನೂ ಇರಲಿಲ್ಲ.’

ಆ ಮೇಲಿನ ಪುಟಗಳಲ್ಲಿ ದೊಡ್ಡಮ್ಮನ ಅಕ್ಷರ ವರ್ಷವರ್ಷಕ್ಕೂ ದೊಡ್ಡದಾಗುತ್ತಾ ಹೋಗುತ್ತದೆ. ಕಣ್ಣಿನ ನರಕ್ಕೆ ಬಂದ ದೋಷ. ವೈದ್ಯರು ಇದ್ದಷ್ಟನ್ನು ಉಳಿಸುವ ಮಾತನ್ನಾಡಿದರೇ ಹೊರತು ಹೋದದ್ದನ್ನು ತರುವ ಮಾತನ್ನಾಡಲಿಲ್ಲ. ಪಟ್ಟಣಕ್ಕೆ ಬಂದಿರಬೇಕೆಂದು ನಾವೆಲ್ಲರೂ ಸರದಿಯಂತೆ ಹೇಳಿದೆವು. “ಇಲ್ಲಿ ಯಾವ ಸದ್ದು ಎಲ್ಲಿಂದ ಬರುವುದೆಂದು ನನಗೆ ಗೊತ್ತು. ಅಲ್ಲಿ ಬಂದು ಹೊಸದಾಗಿ ಕಲಿಯಲೇನು?” ಎಂಬುದು ಅವರ ಉತ್ತರ. ಅದು ಹಟಮಾರಿತನವೆಂದು ನಮ್ಮಲ್ಲಿ ಕೆಲವರು ಅಂದುಕೊಂಡದ್ದು ನಿಜ. ಬರೆಯುತ್ತಿರುವ ನಾವೂ ಆ ಗುಂಪಿನವರೇ.

೨೦೨೨ರ ಅಕ್ಟೋಬರಿನಲ್ಲಿ ನಾಡಿನಲ್ಲೆಲ್ಲ ಚಿತ್ತ ಮಳೆ ಹುಚ್ಚೆದ್ದು ಸುರಿಯಿತು. ನಮ್ಮ ಕೋಡಿ ಎರಡು ಮೊಳ ಎತ್ತರಕ್ಕೆ ಹರಿಯುತ್ತಿದ್ದಿತು. ದೀಪಾವಳಿಗೆ ಇನ್ನು ನಾಲ್ಕು ದಿನ. ಮನೆಯಲ್ಲಿ ಮಕ್ಕಳೂ ಸೇರಿ ಹನ್ನೊಂದು ಜನ. ರಾತ್ರಿ ಹನ್ನೊಂದರ ಹೊತ್ತಿಗೆ ಮಳೆ ನಿಂತಿತು. ನಾವು ಮಲಗಿದ್ದೆವು. ದೊಡ್ಡಮ್ಮ ಬಂದು ಮುಟ್ಟಿ ಎಬ್ಬಿಸಿದರು. “ಎಡಕ್ಕೆ ಕೋಡಿಯ ಸದ್ದು ಇರಬೇಕು, ಇದೆ. ಕೊಟ್ಟಿಗೆಯ ಹಿಂದೆ ಸದ್ದಿರಬಾರದು. ಅಲ್ಲಿ ನೀರು ಮಾತಾಡುತ್ತಿದೆ.”

ನಮಗೆ ಏನೂ ಕೇಳಿಸಲಿಲ್ಲ. ಬ್ಯಾಟರಿ ಹಿಡಿದು ಹಿಂದಿನ ಬಾಗಿಲಿನಿಂದ ಇಳಿದು ಹೋದೆವು. ಏರಿಯ ಹೊರಮೈಯ ಬುಡದಲ್ಲಿ, ನಮ್ಮ ತೋಟದ ಬೇಲಿಗೆ ಹತ್ತು ಮಾರು ದೂರದಲ್ಲಿ, ಹೆಬ್ಬೆರಳು ಗಾತ್ರದ ಒಂದು ಬಾಯಿಂದ ನೀರು ಬುಗ್ಗೆಯಂತೆ ಉಕ್ಕುತ್ತಿದ್ದಿತು. ಮೇಲೆ ತಲೆಯೆತ್ತಿ ನೋಡಿದರೆ ಕತ್ತಲೆಯಲ್ಲಿ ಏರಿ. ಅದರ ಆ ಮಗ್ಗುಲಲ್ಲಿ ತುಂಬಿದ ಕೆರೆ.

ನೀರುಗಂಟಿಗೆ ಹೇಳಿಕಳುಹಿಸಿದೆವು. ಅರವತ್ತು ದಾಟಿದ ಮನುಷ್ಯ. ತಂದೆ ತಾತಂದಿರ ಕಾಲದಿಂದ ತೂಬಿನ ಕಾವಲು ಅವರ ಮನೆಯದು. ಬಂದವನು ಬುಗ್ಗೆಯನ್ನು ನೋಡಿ ಗಾಬರಿಯಾಗಲಿಲ್ಲ. “ಅಮ್ಮಾರೆ, ಮೇಷ್ಟ್ರ ಬಿಳೀ ತಟ್ಟೆ ಕೊಡಿ” ಎಂದನು. ದೊಡ್ಡಮ್ಮ ತಡವರಿಸದೆ ಒಳಗೆ ಹೋಗಿ, ಹುರಿಯನ್ನು ಬಿಚ್ಚಿ ಮೂರು ತೂತುಗಳಿಗೂ ಮೇಣವನ್ನು ಒತ್ತಿ, ತಟ್ಟೆಯನ್ನು ತಂದು ಕೊಟ್ಟರು. ಅವನು ಬುಗ್ಗೆಯ ನೀರನ್ನು ಅದರಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ನೂರು ಎಣಿಸುವಷ್ಟು ಹೊತ್ತು ಅಲುಗಿಸದೆ ಹಿಡಿದುಕೊಂಡನು. ಬಿಳಿಯ ತಳದಲ್ಲಿ ಒಂದು ಚಿಟಿಕೆ ಮಣ್ಣೂ ಕೂಡಲಿಲ್ಲ. “ತಿಳಿಯಾಗೈತೆ. ಬರೀ ನೀರು ಹೋದ್ರೆ ಹೋಗ್ಲಿ. ಮಣ್ಣು ಹೊತ್ಕೊಂಡು ಹೋಗಬಾರ್ದು.”

ಮಣ್ಣಿನ ಕಟ್ಟೆಯ ಮರ್ಮವೆಲ್ಲ ಆ ಮಾತಿನಲ್ಲಿ ಅಡಗಿದೆಯೆಂದು ಆಮೇಲೆ ಬಲ್ಲವರಿಂದ ತಿಳಿದೆವು. ಏರಿ ಎಷ್ಟೇ ಗಟ್ಟಿಯಾಗಿದ್ದರೂ ನೀರು ಅಷ್ಟಿಷ್ಟು ಜಿನುಗುವುದು ಸಹಜ. ಏಡಿಯ ಬಿಲವೋ ಹೆಗ್ಗಣದ ಬಿಲವೋ ಸತ್ತ ಬೇರಿನ ಟೊಳ್ಳೋ ದಾರಿಮಾಡಿಕೊಟ್ಟರೆ ಜಿನುಗು ಬುಗ್ಗೆಯಾಗುತ್ತದೆ. ಆ ನೀರು ತಿಳಿಯಾಗಿರುವವರೆಗೆ ಏರಿಯ ಮೈ ಕರಗುತ್ತಿಲ್ಲವೆಂದು ಅರ್ಥ. ಕೆಂಪಾಯಿತೆಂದರೆ ಒಳಗಿನ ಮಣ್ಣು ಕಣಕಣವಾಗಿ ಹೊರಡುತ್ತಿದೆ, ಬಿಲ ಕೊಳವೆಯಾಗುತ್ತಿದೆ, ಇನ್ನು ಕೆಲವು ಗಂಟೆಗಳ ಮಾತು. ಹಾಗೆಂದು ಬಾಯಿಗೆ ಬಟ್ಟೆಯನ್ನೋ ಜೇಡಿಯನ್ನೋ ತುರುಕಿ ಮುಚ್ಚಿದರೆ ನೀರು ಒಳಗೇ ತಡೆದು ಇನ್ನೊಂದು ಕಡೆ ಒಡೆಯುವುದು. ಬಾಯಿಯ ಸುತ್ತಲೂ ಚೀಲಗಳನ್ನು ಬಾವಿಯ ಕಟ್ಟೆಯಂತೆ ಏರಿಸಿ ನೀರು ಅದರೊಳಗೆ ತುಸು ಎತ್ತರಕ್ಕೆ ನಿಲ್ಲುವಂತೆ ಮಾಡಬೇಕು. ಒಳಗೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ತುಂಬಬೇಕು. ಆಗ ನೀರಿಗೆ ದಾರಿಯುಂಟು, ಮಣ್ಣಿಗೆ ಇಲ್ಲ.

ಒಂದೂವರೆ ಗಂಟೆಗೆ ಹಿಡಿದ ಎರಡನೆಯ ತಟ್ಟೆಯಲ್ಲಿ ಕುಂಕುಮದ ಗೆರೆಯಂತೆ ಸಣ್ಣಗೆ ಕೆಂಪು ಕಂಡಿತು. ನೀರುಗಂಟಿ ಆಗ ಎದ್ದು ನಿಂತನು. ಮಕ್ಕಳನ್ನೂ ಹೆಂಗಸರಲ್ಲಿ ಕೆಲವರನ್ನೂ ಊರೊಳಗಿನ ದೇವಸ್ಥಾನದ ಜಗಲಿಗೆ ಕಳುಹಿಸಿದೆವು. ಅಚ್ಚುಕಟ್ಟಿನ ಕೆಳಗಿನ ಮನೆಗಳವರನ್ನೂ ಎಬ್ಬಿಸಿ ಅಲ್ಲಿಗೆ ಕರೆತಂದರು. ಊರಿನ ಗಂಡಸರು ಇಪ್ಪತ್ತು ಮೂವತ್ತು ಜನ ಗೊಬ್ಬರದ ಖಾಲಿ ಚೀಲಗಳನ್ನು ಹೊತ್ತು ಬಂದರು. ಮನೆ ಕಟ್ಟಲು ಚಿಕ್ಕಪ್ಪನವರು ತರಿಸಿ ಬಿಟ್ಟಿದ್ದ ಮರಳೂ ಜಲ್ಲಿಯೂ ಬಗಲಿನಲ್ಲಿಯೇ ರಾಶಿ ಬಿದ್ದಿದ್ದುವು. ಚಿಕ್ಕಮ್ಮನವರು ಆ ಕೋಣೆಯನ್ನು ಒಪ್ಪದಿದ್ದದ್ದು ಎಷ್ಟು ಒಳ್ಳೆಯದಾಯಿತೆಂದು ಅಂದಿನಿಂದ ಅವರ ಮುಂದೆ ಯಾರೂ ಚಕಾರವೆತ್ತುವುದಿಲ್ಲ.

ದೊಡ್ಡಮ್ಮ ದೇವಸ್ಥಾನಕ್ಕೆ ಹೋಗಲು ಒಪ್ಪಲಿಲ್ಲ. ಬೇಲಿಯ ಬಳಿ ಒಂದು ಮಣೆಯ ಮೇಲೆ ಕುಳಿತು ಸದ್ದನ್ನು ಕೇಳುತ್ತಿದ್ದರು. ಮೂರು ಗಂಟೆಗೆ ಕಲ್ಲು ತುಂಬಿ ಮುಗಿಯಿತು. ಇನ್ನು ಕಾಯುವುದೊಂದೇ ಕೆಲಸ. ಆಗ ನೀರುಗಂಟಿ ಅಯ್ಯನಕೆರೆಯ ಕಥೆಯನ್ನು ಹೇಳಿದನು. ಆ ಸೀಮೆಯವರೆಲ್ಲ ಬಲ್ಲ ಕಥೆ: ಕೆರೆ ಒಡೆಯುವ ಕಾಲ ಬಂದಾಗ ಗಂಗಮ್ಮ ಕಾವಲಿನ ನೀರುಗಂಟಿಗೆ ಕಾಣಿಸಿಕೊಂಡು ತಾನು ಹೊರಟೆನೆಂದಳು. ಅರಸನಿಗೆ ತಿಳಿಸಿ ಬರುವೆನು, ಅದುವರೆಗೆ ಹೋಗಕೂಡದೆಂದು ಅವನು ಭಾಷೆ ತೆಗೆದುಕೊಂಡು ಓಡಿದನು. ಸುದ್ದಿಯನ್ನು ಕೇಳಿದ ಅರಸು, ಇವನು ಹಿಂದಿರುಗದಿದ್ದರೆ ದೇವಿಯೂ ಕದಲಲಾರಳೆಂದು ಯೋಚಿಸಿ ಅವನನ್ನು ಅಲ್ಲಿಯೇ ಕೊಲ್ಲಿಸಿದನಂತೆ. ಕೆರೆ ಇಂದಿಗೂ ನಿಂತಿದೆ.

“ನಾನು ಯಾರ್ಗೂ ಹೇಳೋಕೆ ಹೋಗ್ಲಿಲ್ಲ. ನೀವೇ ಹೇಳಿಕಳ್ಸಿದ್ರಿ. ಹಂ‍ಗಾಗಿ ಬದುಕ್ಕೊಂಡೆ” ಎಂದು ಅವನು ನಕ್ಕನು. ನಮಗೆ ನಗು ಬರಲಿಲ್ಲ. ಅರಸನ ಬುದ್ಧಿಯನ್ನು ಕೊಂಡಾಡುವವರು ಈ ಕಥೆಯನ್ನು ಒಂದು ಬಗೆಯಾಗಿ ಹೇಳುವರು. ಏರಿಯ ಬುಡದಲ್ಲಿ ಮೊಣಕಾಲುವರೆಗೆ ಕೆಸರಿನಲ್ಲಿ ನಿಂತ ನೀರುಗಂಟಿಯ ಬಾಯಿಂದ ಕೇಳಿದಾಗ ಅದು ಬೇರೆಯ ಕಥೆ.

ಐದು ಗಂಟೆಗೆ ಮೋಡ ಹರಿದು ತೆಂಕಣದಲ್ಲಿ ಅಗಸ್ತ್ಯ ಕಂಡಿತು. ಮೂರನೆಯ ತಟ್ಟೆಯನ್ನು ಹಿಡಿದರು. ನೂರು ಎಣಿಸಿದರು, ಸಾಲದೆಂದು ಇನ್ನೊಂದು ನೂರು ಎಣಿಸಿದರು. ತಟ್ಟೆಯ ತಳ ಬಿಳಿಯಾಗಿಯೇ ಇತ್ತು. “ಹೇಗಿದೆ?” ಎಂದು ದೊಡ್ಡಮ್ಮ ಕೇಳಿದರು. ನೀರುಗಂಟಿ ತಟ್ಟೆಯ ನೀರನ್ನು ಅವರ ಕೈಗೆ ಸುರಿದನು. ಅವರು ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, “ನುಣ್ಣಗಿದೆ. ಕಾಫಿಗೆ ಇಡಿ” ಎಂದರು.

ಅದಾದ ಮೇಲಿನದು ಬೇಗ ಹೇಳಿ ಮುಗಿಸಬಹುದು. ಬಲ್ಲವರು ಬಂದು ನೋಡಿದರು, ಕೋಡಿಯ ಹರಿವು ಇಳಿಯಿತು, ಹಬ್ಬ ನಡೆಯಿತು. ಮರುವರ್ಷ, ಎಂದರೆ ೨೦೨೩ರಲ್ಲಿ, ಮಳೆ ಹೋಯಿತು. ನಾಡಿನ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟುವು. ೨೦೨೪ರ ಬೇಸಗೆಗೆ ಕೆರೆ ಬತ್ತಿದಾಗ ಏರಿಯ ಒಳಮೈಯಲ್ಲಿ ಏಡಿಯ ಬಿಲಗಳು ಕಣ್ಣಿಗೆ ಬಿದ್ದುವು. ಊರಿನವರು ಅವನ್ನು ಅಗೆದು, ಜೇಡಿಯನ್ನು ಹದಮಾಡಿ ಪದರಪದರವಾಗಿ ದಮ್ಮಸುಮಾಡಿ, ಮೇಲೆ ಕಲ್ಲನ್ನು ಹಾಸಿದರು. ಬರಗಾಲ ಮಾಡಿಕೊಟ್ಟ ಉಪಕಾರವೆಂದು ಅದನ್ನು ಎಣಿಸುವುದಕ್ಕೆ ನಮಗೆ ಮನಸ್ಸಿಲ್ಲ. ಆದರೆ ನೀರಿದ್ದಾಗ ಆ ಕೆಲಸ ಆಗುತ್ತಿರಲಿಲ್ಲವೆಂಬುದೂ ನಿಜ.

ಆ ವರ್ಷದ ಮಳೆಗಾಲದಲ್ಲಿ ಕೆರೆ ಮತ್ತೆ ತುಂಬಿತು. ಸಿಪಿಲೆ ಸೆಪ್ಟೆಂಬರಿನ ಮೂರನೆಯ ವಾರದಲ್ಲಿ ಬಂದಿತು. ವಿಜಯದಶಮಿಯ ಮರುದಿನ ತಟ್ಟೆಯನ್ನು ಇಳಿಬಿಡುವಾಗ ಹಳೆಯ ಹುರಿ ನಡುವಿನಲ್ಲಿ ತುಂಡಾಗಿ ತಟ್ಟೆ ನೀರಿನ ಪಾಲಾಯಿತು. ಆಗ ನೀರಿನ ತಿಳಿ ಎರಡೇ ಗೇಣು. ಕೋಲಿನಿಂದ ತಡಕಿದೆವು, ಸಿಕ್ಕಲಿಲ್ಲ. ದೊಡ್ಡಮ್ಮ ಏನೂ ಅನ್ನಲಿಲ್ಲ. ಆ ರಾತ್ರಿ ಊಟವನ್ನು ಬೇಗ ಮುಗಿಸಿ ಮಲಗಿದರು.

ಕಾರ್ತಿಕ ಹುಣ್ಣಿಮೆಗೆ ಎರಡು ದಿನ ಮುಂಚೆ, ಗಾಳಿಯಿಲ್ಲದ ಒಂದು ಬೆಳಗ್ಗೆ, ಆ ಏರೋಪ್ಲೇನ್ ಚಿಟ್ಟೆಯ ಹುಡುಗ ತೂಬಿನ ಕಟ್ಟೆಯ ಮೇಲೆ ಬೋರಲಾಗಿ ಮಲಗಿ ನೀರನ್ನು ನೋಡುತ್ತಿದ್ದವನು ಕೂಗಿಕೊಂಡನು. ನಾವೆಲ್ಲರೂ ಓಡಿದೆವು. ತೂಬಿನ ಕೆಳಗಣ ಕಲ್ಲಿನ ಮೇಲೆ, ನೀರಿನ ಅಡಿಯಲ್ಲಿ, ತಟ್ಟೆ ಅಂಗಾತನಾಗಿ ಬಿದ್ದು ಹಗಲಿನ ಚಂದ್ರನಂತೆ ಬೆಳ್ಳಗೆ ಕಾಣುತ್ತಿದ್ದಿತು. ದೊಡ್ಡಮ್ಮನನ್ನು ಕೈಹಿಡಿದು ಕರೆತಂದೆವು. ಅವರು ನೀರಿನ ಕಡೆಗೆ ಮುಖಮಾಡಿ ನಿಂತು ಕೇಳಿದರು:

“ಎಷ್ಟು?”

ಹುಡುಗ ಬಿದಿರಿನ ಗಳುವನ್ನು ತಟ್ಟೆಗೆ ತಾಗುವವರೆಗೆ ಇಳಿಸಿ, ಎತ್ತಿ, ಒದ್ದೆಯಾದಷ್ಟನ್ನು ದೊಡ್ಡವರ ಕೈಯಿಂದ ಗೇಣು ಹಾಕಿಸಿದನು.

“ಏಳು ಗೇಣು, ಅಜ್ಜಿ. ಅಂಚಿನಲ್ಲಿ ಒಂದು ಕಡೆ ಬಿಳಿ ಕಿತ್ತುಹೋಗಿರುವುದೂ ಕಾಣಿಸುತ್ತದೆ.”

“ಅದು ನನ್ನ ಮದುವೆಯ ವರ್ಷವೇ ಕಿತ್ತದ್ದು. ಅದನ್ನು ಬಿಡು, ಏಳು ಎಂದು ಬರೆ.”